ಎಲ್ಲ ನೋವೂ ಕೀಲಿನ ಲೆಕ್ಕಕ್ಕೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಹಿರಿಯರೇ, ಕೈಯ ಅಂಟು ತೊಳೆಯದೆ ಹಾಗೇ ಎದ್ದು ಬಂದಿರುವ ನಮ್ಮ ಬೈಂಡಿಂಗ್ ವಿಭಾಗದ ಸಭಿಕರೇ,

ಇವತ್ತು ನಿವೃತ್ತರಾಗುತ್ತಿರುವವರು ನಿಮಗೆಲ್ಲ ಸೂಜಿ ಅಕ್ಕ. ನನಗೆ ಒಡಹುಟ್ಟಿದ ಅಕ್ಕ. ಐವತ್ತಾದರೂ ನನ್ನ ಬಾಯಿಗೆ ಬಿಡುವಿಲ್ಲವೆಂದು ನಿಮಗೆ ಗೊತ್ತೇ ಇದೆ. ಬೆಳಗಿನಿಂದ ಈ ಭಾಷಣವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಮಾಡಿ, ಪಾಪ, ಅದು ಚಾರ್ಜ್ ಮುಗಿದು ಜೇಬಿನಲ್ಲಿ ಮಲಗಿದೆ.

ಪುಸ್ತಕದ ಬೆನ್ನು ಹೊಲಿಯುವುದರಲ್ಲಿ ಇವಳನ್ನು ಮೀರಿಸಿದವರುಂಟೇ? ಕೀಲುವಾತ ಬಂದು ಬೆರಳೆಲ್ಲ ಸೊಟ್ಟಗಾದಾಗ ದಬ್ಬಳದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡಳು. ಹೊಲಿಗೆ ಮಾತ್ರ ಸೊಟ್ಟಗಾಗಲಿಲ್ಲ. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಯ ಮೇಲೆ ತಿರುಗಿಬೀಳುವ ಕಾಯಿಲೆಯದು. "ಕಾವಲಿಗೆ ಇಟ್ಕೊಂಡೋನೇ ಮನೆಯವರನ್ನ ಹೊಡೀತಿದಾನೆ ಕಣೋ" ಎಂದು ನಗುತ್ತಿದ್ದಳು.

ಡಾಕ್ಟರಮ್ಮ ನಗಲಿಲ್ಲ. "ಈ ಉರಿಯೂತ ಕೀಲಲ್ಲೇ ಕೂರಲ್ಲಮ್ಮ. ಹೃದಯಕ್ಕೆ ರಕ್ತ ಕೊಡೋ ನಾಳಗಳನ್ನೂ ಕೆಡಿಸಬಹುದು. ಹೊಸ ನೋವು ಬಂದ್ರೆ ಕೀಲುನೋವು ಅಂತ ಸುಮ್ಮನಿರಬೇಡಿ" ಎಂದರು. ಅಕ್ಕ ತಲೆಯಾಡಿಸಿ ಬಂದಳು. ಭುಜ ನೊಂದರೂ ಕೀಲು, ಬೆನ್ನು ನೊಂದರೂ ಕೀಲು. ಇತ್ತೀಚೆಗೆ ಮೆಟ್ಟಿಲು ಹತ್ತುವಾಗ ನಡುವೆ ನಿಂತು, ಏದುಸಿರು ಬಿಡುತ್ತ ಕಿಟಕಿಯಾಚೆ ನೋಡುತ್ತಾಳೆ.

"ಏನಕ್ಕಾ ನೋಡ್ತಿದ್ದೀಯ?"

"ಎದುರು ಮನೆಗೆ ಬಣ್ಣ ಹೊಡೀತಿದಾರೆ ಕಣೋ."

ಒಂದೇ ಮನೆಗೆ ತಿಂಗಳುಗಟ್ಟಲೆ ಬಣ್ಣ ಹೊಡೆಯುತ್ತಾರೆಯೇ, ಸಭಿಕರೇ? ಹೃದಯದ ಪರೀಕ್ಷೆಗೆ ಹೋಗೋಣವೆಂದರೆ, "ಸಮಾರಂಭ ಮುಗೀಲಿ. ಯಾರ ಹತ್ರನಾದ್ರೂ ಬಾಯಿ ಬಿಟ್ಟೀಯ, ಜೋಕೆ!" ಎಂದಳು. ಮಾತು ಕೊಟ್ಟಿದ್ದೆ.

ಈಗ ಬಾಯಿ ಬಿಟ್ಟೆ. ಯಾಕೆ ಗೊತ್ತೇ? ಅಧ್ಯಕ್ಷರೇ, ನೀವು ಕಾರ್ಯಕ್ರಮಪಟ್ಟಿ ನೋಡುತ್ತಿದ್ದೀರಿ. ನಾನು ಮುಂದಿನ ಸಾಲು ನೋಡುತ್ತಿದ್ದೇನೆ. ಆಗಲೇ ಭುಜ ಒತ್ತಿಕೊಂಡವಳು ಈಗ ದವಡೆ ಹಿಡಿದುಕೊಂಡಿದ್ದಾಳೆ. ಫ್ಯಾನಿನ ಕೆಳಗೆ ಕೂತು ಬೆವರುತ್ತಿದ್ದಾಳೆ. ಅಗೋ, ಬೆರಳು ಮಡಿಸಿ ತೋರಿಸುತ್ತಿದ್ದಾಳೆ, ಕೀಲಂತೆ! ಯಾವ ಕೀಲು ಹೀಗೆ ಬೆವರುತ್ತೆ, ಅಕ್ಕಾ?

ಸನ್ಮಾನಕ್ಕೆಂದು ಅವಳು ಈ ಮೆಟ್ಟಿಲು ಹತ್ತಬಾರದು. ಕಾಣಿಕೆ ಮೇಜಿನ ಮೇಲೇ ಇರಲಿ. ಯಾರಾದರೂ ಆಂಬುಲೆನ್ಸಿಗೆ ಫೋನ್ ಮಾಡಿ, ನನ್ನದು ಸತ್ತಿದೆ. ಬಾಗಿಲ ಬಳಿಯವರು ದಾರಿ ಬಿಡಿ. ಅಕ್ಕಾ, ಏಳಬೇಡ, ಅಲ್ಲೇ ಕೂತಿರು. ಬೈಯೋದೆಲ್ಲ ದಾರಿಯಲ್ಲಿ ಬೈ.

ಇಷ್ಟು ಹೊತ್ತು ಕೇಳಿದಿರಿ, ಉಪಕಾರವಾಯಿತು. ನಾನು ಕೆಳಗಿಳಿಯುತ್ತಿದ್ದೇನೆ. ನಮಸ್ಕಾರ.