ಕೊಯ್ಲಾದ ಮೇಲಿನ ಹೊಲ

ಬುಕುರು ನಿಲ್ದಾಣದಲ್ಲಿ ವ್ಯಾನು ತುಂಬುವುದನ್ನು ಕಾಯುತ್ತ ಕುಳಿತಿದ್ದೆ. ಪಕ್ಕದಲ್ಲಿ ದನಗಾಹಿ ಮುದುಕ ಹಮ್ಮಾದಿ. ಈಸ್ಟರಿಗೆ ಮೊದಲು ತೀರಿಕೊಂಡಿದ್ದ ಪಶುವೈದ್ಯರ ಹೆಂಡತಿ ಕಾನೆಂಗ್ ಗೆಣಸಿನ ಚೀಲ ಹೊತ್ತು ಬಂದವಳು ಅವನನ್ನು ಕಂಡು ನಿಂತಳು.

"ಏನು ಹಮ್ಮಾದಿ, ನಮ್ಮನೆ ದಾರಿ ಮರೆತೇಬಿಟ್ಯಾ?"

"ಡಾಕ್ಟ್ರಿಲ್ಲದ ಮನೆಗೆ ಏನಂತ ಬರ್ಲಿ ತಾಯಿ? ಈಗಿನ ಡಾಕ್ಟ್ರು ಜೀಪಿಂದ ಇಳಿಯೋದೇ ಇಲ್ಲ."

"ಇವ್ರು ಡೈರೆಕ್ಟರ್ ಆದ್ಮೇಲೂ ಸೂಟಿನ ಕೆಳಗೆ ಗಂಬೂಟು ಹಾಕ್ಕೊಂಡೇ ಆಫೀಸಿಗೆ ಹೋಗ್ತಿದ್ರು."

"ಸೂಜಿ ಚುಚ್ಚೋ ಮೊದ್ಲು ಯೇಸು ಹೆಸರಲ್ಲಿ ಪ್ರಾರ್ಥನೆ ಮಾಡೋರು. ಮಸೀದಿಗೆ ಹೋಗೋ ನಾನೂ 'ಆಮೀನ್' ಅಂತಿದ್ದೆ. ದನ ಬದುಕಿದ್ರೆ ಸಾಕಲ್ಲ!"

"ಹೋರಿಗೆ ಇವ್ರ ಹೆಸರಿಟ್ಟಿದ್ದೆಯಲ್ಲ, ಇವ್ರೇ ಊರೆಲ್ಲ ಹೇಳ್ಕೊಂಡು ತಿರುಗಿದ್ರು. ಇದ್ಯಾ ಅದು?"

"ಇದೆ, ಮುದಿಯಾಗಿದೆ. ನಿಮ್ಮ ಹೊಲದ ತಿರುವು ಬಂದ್ರೆ ಈಗ್ಲೂ ತಾನಾಗೇ ಆ ಕಡೆ ಹೊರಡುತ್ತೆ. ನಾನೇ ಹೊಡೆದು ವಾಪಸ್ ತರ್ತೀನಿ."

"ಯಾಕೆ ಹೊಡೀತೀಯ?"

"ಕೊಯ್ಲಾದ ಮೇಲೆ ದನ ಮೇಯಿಸೋಕೆ ಕರೆಯೋನು ಹೊಲದ ಯಜಮಾನ. ವರ್ಷಾ ವರ್ಷಾ ಡಾಕ್ಟ್ರೇ ಕರೀತಿದ್ರು. ಕರೆಯದೆ ನುಗ್ಗಿಸೋಕಾಗುತ್ತಾ, ಅದೂ ರೈತರೂ ದನಗಾಹಿಗಳೂ ಹೊಡೆದಾಡ್ಕೊಳ್ಳೋ ಈ ಕಾಲದಲ್ಲಿ?"

ಡ್ರೈವರು ಹಾರನ್ ಒತ್ತಿದ.

"ಮೆಕ್ಕೆಜೋಳ ಕೊಯ್ದು ವಾರ ಆಯ್ತು. ಮಕ್ಕಳು ದಂಟು ಸುಡೋಣ ಅಂದ್ರು, ನಾನೇ ಬಿಡಲಿಲ್ಲ. ಹೊಲಕ್ಕೆ ಗೊಬ್ಬರ ಬೇಡ್ವಾ? ಭಾನುವಾರ ಚರ್ಚಿಗೆ ಹೋಗ್ತೀನಿ. ಸೋಮವಾರ ಹೊಡ್ಕೊಂಡು ಬಾ. ಆ ಹೋರಿ ಮುಂದಿರ್ಲಿ."

ಹಮ್ಮಾದಿ ಎದ್ದು ಅವಳ ಚೀಲವನ್ನು ಹೆಗಲಿಗೇರಿಸಿಕೊಂಡ.

"ಆಮೀನ್," ಎಂದು ವ್ಯಾನಿನತ್ತ ನಡೆದ.