ಬ್ಯಾರನ್ ಬೆಂಕಿಗೆ ಬಂದ ಆಳು

ನಾನು ಸಾಕಮ್ಮ ಕೋಂ ನೊರ್ಬು, ವಯಸ್ಸು ಇಪ್ಪತ್ತಾರು ವರ್ಷ, ಕಸುಬು ಬೇಸಾಯ, ವಾಸ ಹಾರನಹಳ್ಳಿ, ಪಿರಿಯಾಪಟ್ಟಣ ತಾಲ್ಲೂಕು. ಈ ದಿನ ದಿನಾಂಕ 28-8-1974 ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಗಂಡ ನೊರ್ಬು ಟಿಬೆಟ್ಟಿನವನು. ಮೊದಲು ಸಿಮ್ಲಾ ಕಡೆ ರಸ್ತೆ ಕೆಲಸದಲ್ಲಿದ್ದನು, ಅವನ ನಿರಾಶ್ರಿತರ ಕಾಗದ ಆದದ್ದು ಅಲ್ಲಿ. ಹನ್ನೊಂದು ವರ್ಷದ ಹಿಂದೆ ಅಕ್ಕನ ಜೊತೆ ಇಲ್ಲಿನ ನಿರಾಶ್ರಿತರ ಕ್ಯಾಂಪಿಗೆ ಬಂದನು. ನಮ್ಮ ಹೊಲಕ್ಕೆ ಕೂಲಿಗೆ ಬರುತ್ತಿದ್ದವನನ್ನು ಮದುವೆಯಾಗುತ್ತೇನೆ ಎಂದಾಗ ನಮ್ಮ ತಂದೆ ಕೆಂಪಯ್ಯನವರು ನನ್ನೊಡನೆ ಒಂದು ವರ್ಷ ಮಾತು ಬಿಟ್ಟಿದ್ದರು. ಕೊನೆಗೆ 1971ರಲ್ಲಿ ಅವರೇ ನಿಂತು ಮನೆಯಲ್ಲಿ ಧಾರೆ ಎರೆದುಕೊಟ್ಟರು. ಊರವರಿಗೆ ನೊರ್ಬು ಎನ್ನಲು ನಾಲಿಗೆ ಹೊರಳದೆ ನರಬಣ್ಣ ಎಂದು ಕರೆಯುತ್ತಾರೆ. ನಮಗೆ ಎರಡು ವರ್ಷದ ಮಗಳಿದ್ದಾಳೆ, ಹೆಸರು ಮಂಗಳಗೌರಿ.

ಕ್ಯಾಂಪಿನವರು ಪರ್ಮಿಟ್ ಇಲ್ಲದೆ ರಾತ್ರಿ ಹೊರಗೆ ತಂಗಕೂಡದು, ಹೊರಗಿನವರು ಒಳಗೆ ತಂಗಕೂಡದು ಎಂದು ಕಾನೂನು. ಕ್ಯಾಂಪಿಗೂ ನಮ್ಮ ಮನೆಗೂ ನಾಲ್ಕು ಕಿಲೋಮೀಟರ್. ನನ್ನ ಗಂಡ ಬೆಳಗ್ಗೆ ಬಂದು ಸಂಜೆ ಹೊರಟುಹೋಗುತ್ತಿದ್ದನು. ಕದ್ದು ಉಳಿದ ರಾತ್ರಿಗಳೂ ಇವೆ. ಕಟ್ಟಿಕೊಂಡವಳ ಮನೆಗೆ ಕಳ್ಳನ ಹಾಗೆ ಬರುವ ಗತಿ ಶತ್ರುವಿಗೂ ಬೇಡ.

ದಿನಾಂಕ 13ರ ಮಂಗಳವಾರ ಬೆಳಗ್ಗೆ ಹೊಗೆಸೊಪ್ಪು ಒಣಗಿಸಿ ಹದ ಮಾಡುವ ನಮ್ಮ ಬ್ಯಾರನ್ ಮನೆಗೆ ಹಸಿ ಸೊಪ್ಪು ತುಂಬಿ ಬೆಂಕಿ ಹಾಕಿದೆವು. ಅರ್ಧ ಸೊಪ್ಪು ನಮ್ಮದು, ಅರ್ಧ ಪಕ್ಕದ ಹೊಲದ ಚಿಕ್ಕಣ್ಣನವರದು. ಈ ಬೆಂಕಿ ಐದಾರು ದಿನ ಹಗಲೂ ರಾತ್ರಿ ಒಂದೇ ಸಮ ಉರಿಯಬೇಕು. ನಡುವೆ ಶಾಖ ಇಳಿದರೆ ಎಲೆ ಕಪ್ಪಾಗಿ ತಿಪ್ಪೆಗೆ ಹೋಗುತ್ತದೆ. ರಾತ್ರಿ ಬೆಂಕಿ ನೋಡುವವರು ನಮ್ಮ ತಂದೆ. ಬುಧವಾರ ಸಂಜೆ ಅವರಿಗೆ ಚಳಿಜ್ವರ ಬಂದು ಎದ್ದು ಕೂರಲಾಗಲಿಲ್ಲ. ಅವರನ್ನೂ ಮಗುವನ್ನೂ ಬಿಟ್ಟು ನಾನು ರಾತ್ರಿಯಿಡೀ ಬೆಂಕಿಯ ಹತ್ತಿರ ಕೂರುವ ಹಾಗಿರಲಿಲ್ಲ. ಚಿಕ್ಕಣ್ಣನವರು ಮಗಳ ಬಾಣಂತನಕ್ಕೆಂದು ಕೆ.ಆರ್. ನಗರಕ್ಕೆ ಹೋಗಿದ್ದರು.

ನನ್ನ ಗಂಡ ಕ್ಯಾಂಪಿನ ಆಫೀಸಿಗೆ ಓಡಿ ಪರ್ಮಿಟ್ ಕೇಳಿದನು. ನಾಳೆ ಆಗಸ್ಟ್ ಹದಿನೈದು, ರಜಾ, ನಾಡಿದ್ದು ಬಾ ಎಂದರಂತೆ. ಸ್ವಾತಂತ್ರ್ಯ ಬಂದ ದಿನಕ್ಕೆ ರಜಾ ಎಂದು ಬೆಂಕಿಗೆ ಯಾರು ಹೇಳಬೇಕು? ಸುಟ್ಟುಹೋಗಲಿ ಸೊಪ್ಪು, ನೀನು ಹೊರಡು ಎಂದು ನಾನು ಹೇಳಿದೆ. ಅವನು, "ಬ್ಯಾಡ ಕಣೆ, ಚಿಕ್ಕಣ್ಣನ್ ಸೊಪ್ಪೂ ಐತೆ. ಎಲ್ಡು ರಾತ್ರಿ ತಾನೆ, ಬುಡು," ಎಂದು ಉಳಿದನು.

ಶುಕ್ರವಾರ ಬೆಳಗ್ಗೆ ಆರು ಗಂಟೆಗೆ ಇಬ್ಬರು ಪೇದೆಗಳು ಬಂದರು. ಯಾರು ಸುದ್ದಿ ಮುಟ್ಟಿಸಿದರೋ ಗೊತ್ತಿಲ್ಲ, ಅವರ ಬಾಯಿಗೆ ಮಣ್ಣು ಬೀಳಲಿ. ನನ್ನ ಗಂಡ ಆಗ ಒಲೆಗೆ ಕೊರಡು ನೂಕುತ್ತಿದ್ದನು. ಪೂರ್ತಿ ನೂಕಿ, ಕೋಲನ್ನು ನನ್ನ ಕೈಗೆ ಕೊಟ್ಟು ಅವರ ಜೊತೆ ನಡೆದನು.

ಜ್ವರ ಇಳಿದಿದ್ದ ತಂದೆಯನ್ನು ಒಲೆಯ ಮುಂದೆ ಕೂರಿಸಿ, ಹತ್ತು ಗಂಟೆಗೆ ನಾನು ಮಗುವನ್ನು ಎತ್ತಿಕೊಂಡು ಠಾಣೆಗೆ ಬಂದೆ. ಎದುರಿನ ಟೀ ಅಂಗಡಿಯಲ್ಲಿ ಅರ್ಜಿ ಬರೆದುಕೊಡುವ ಸಿದ್ದಮಲ್ಲಪ್ಪನವರು ಕರೆದು ಬುದ್ಧಿ ಹೇಳಿದರು. "ಗಂಡ ಅಂದ್ರೆ ಮೂರು ವರ್ಸದ್ ರಾತ್ರೀನೆಲ್ಲ ಕೆದುಕ್ತಾರೆ ಕಣವ್ವ. ಕೂಲಿಯವ್ನು, ಬ್ಯಾರನ್ ಬೆಂಕಿಗೆ ಕರ್ಕಂಡಿದ್ದೆ ಅನ್ಬುಡು. ದಂಡ ಆಕಿ ಬುಟ್ಬುಡ್ತಾರೆ," ಎಂದರು. ನನಗೂ ಅದು ಸರಿ ಕಂಡಿತು. ಅವನು ಕ್ಯಾಂಪಿನಲ್ಲೇ ಉಳಿದರೆ ನಾಲ್ಕು ಕಿಲೋಮೀಟರ್ ತಾನೆ, ಹಗಲಾದರೂ ಬರುತ್ತಾನೆ ಎಂದುಕೊಂಡೆ. ಅದೇ ರೀತಿ ಹೇಳಿಕೆ ಕೊಟ್ಟೆ. ಹೆಬ್ಬೆಟ್ಟು ಒತ್ತುವಾಗ ಮಗು ನನ್ನ ಸೊಂಟದ ಮೇಲೇ ಇತ್ತು.

ಆದರೂ ಅವನನ್ನು ಬಿಡಲಿಲ್ಲ, ದಿನಾಂಕ 26ರ ಸೋಮವಾರ ಮೇಲಿನಿಂದ ಆರ್ಡರ್ ಬಂತು. ಈತ ಕಾನೂನು ಮುರಿದಿದ್ದಾನೆ, ಈತನಿಗೆ ಇಲ್ಲಿ ಹೆಂಡತಿ ಮಕ್ಕಳಿಲ್ಲ, ಆದ್ದರಿಂದ ಮೊದಲು ಕಾಗದ ಆದ ಸಿಮ್ಲಾ ಕಡೆಗೆ ವಾಪಸ್ಸು ಕಳುಹಿಸತಕ್ಕದ್ದು ಎಂದು ಅದರಲ್ಲಿತ್ತು. ನಾನು ಸಬ್ ಇನ್ಸ್‌ಪೆಕ್ಟರ್ ಸಾಹೇಬರ ಕಾಲು ಹಿಡಿದು, ನಾನೇ ಹೆಂಡತಿ, ಇದು ಅವನ ಮಗು ಎಂದೆ. ಹಾಗಾದರೆ ಮೂರು ವರ್ಷ ನಿನ್ನ ಗಂಡ ರಾತ್ರಿ ಎಲ್ಲಿ ಮಲಗುತ್ತಿದ್ದ ಎಂದು ಕೇಳಿದರು. ಆದಾಗೆಲ್ಲ ನನ್ನ ಮನೆಯಲ್ಲಿ ಎಂದೆ. ಹಾಗಾದರೆ ಅದು ಎರಡು ರಾತ್ರಿಯ ತಪ್ಪಲ್ಲ, ಆಳೆಂದರೂ ಹೋಗಬೇಕು, ಗಂಡನೆಂದರೂ ಹೋಗಬೇಕು ಎಂದರು. ಸಾಹೇಬರು ಗದರಲಿಲ್ಲ. ಮಗುವಿಗೆ ನೀರು ತರಿಸಿಕೊಟ್ಟರು.

ಈ ದಿನ ಬೆಳಗ್ಗೆ ಒಂಬತ್ತೂವರೆಗೆ ಇಬ್ಬರು ಪೇದೆಗಳು ಅವನನ್ನು ಮೈಸೂರು ಬಸ್ಸಿಗೆ ಕರೆತಂದರು. ನಾನು ಮಗುವಿನೊಡನೆ ಹತ್ತಿರ ಹೋದೆ. ಈ ಹೆಂಗಸು ಯಾರು ಎಂದು ಹೊಸ ಪೇದೆಯೊಬ್ಬರು ಕೇಳಿದರು. ನನ್ನ ಹೇಳಿಕೆಯನ್ನು ಅವನಿಗೆ ಓದಿ ಹೇಳಿದ್ದರು. ಅದು ಸುಳ್ಳೆಂದಾದರೆ ನನ್ನ ಮೇಲೆ ಕೇಸಾಗುತ್ತದೆಂದೂ ಯಾರೋ ಹೇಳಿದ್ದರು. ಅವನು, ನಾನು ಕೂಲಿಗಿದ್ದ ಮನೆಯ ಅಮ್ಮಾವ್ರು ಎಂದನು. ಆಮೇಲೆ ನನಗೆ ಕೈ ಮುಗಿದು, "ಸೊಪ್ಪು ಚೆನ್ನಾಗ್ ಬಂತಾ ಅಮ್ಮಾವ್ರೆ?" ಎಂದು ಕೇಳಿದನು. ನಾನು, "ಬಂತು," ಎಂದೆ.

ಮಗು ಅಪ್ಪಾ ಅಪ್ಪಾ ಎಂದು ಕೂಗಿತು. ಅವನು ಬಸ್ಸು ಹತ್ತಿ, ನಮ್ಮ ಕಡೆಯ ಸೀಟು ಖಾಲಿಯಿದ್ದರೂ ಆಚೆ ಬದಿಗೆ ಹೋಗಿ ಕುಳಿತನು. ಒಂಬತ್ತು ಮುಕ್ಕಾಲಿಗೆ ಬಸ್ಸು ಹೊರಟಿತು.

ಈ ಹೇಳಿಕೆಯಿಂದ ಅವನು ತಿರುಗಿ ಬರುವುದಿಲ್ಲವೆಂದು ಸಾಹೇಬರು ಬರೆಯುವುದಕ್ಕೆ ಮುಂಚೆಯೇ ತಿಳಿಸಿದ್ದಾರೆ. ಹಿಂದಿನ ಹೇಳಿಕೆಯನ್ನು ಹೊಡೆದುಹಾಕಲು ಬರುವುದಿಲ್ಲ, ಎರಡನ್ನೂ ಒಟ್ಟಿಗೆ ಇಡುತ್ತೇವೆ, ಸುಳ್ಳು ಹೇಳಿದ್ದಕ್ಕೆ ನಿನ್ನ ಮೇಲೆ ಕೇಸಾಗಬಹುದು ಎಂದೂ ತಿಳಿಸಿದ್ದಾರೆ. ಆಗಲಿ.

ದಿನಾಂಕ 16ರಂದು ನಾನು ಬರೆಸಿದ್ದು ಸುಳ್ಳು. ಈಗ ಬರೆಸಿದ್ದು ನಿಜ. ಓದಿ ಹೇಳಿದ್ದನ್ನು ಕೇಳಿ, ಸರಿಯಿದೆಯೆಂದು ಒಪ್ಪಿ ಹೆಬ್ಬೆಟ್ಟು ಒತ್ತಿದ್ದೇನೆ.

ಸ್ಥಳ: ಪಿರಿಯಾಪಟ್ಟಣ
ದಿನಾಂಕ: 28-8-1974
ಸಾಕಮ್ಮಳ ಎಡಗೈ ಹೆಬ್ಬೆಟ್ಟಿನ ಗುರುತು