ದೊಡ್ಡ ಕುಸ್ತಿ ಕಡೀಗೆ

"ಹುಚ್ಚಿ, ದೊಡ್ಡ ಪೈಲ್ವಾನರನ್ನ ಮೊದಲ ಇಳಿಸಿದ್ರ ಮಂದಿ ಕಡೀತನಕ ಯಾಕ ಕುಂಡ್ರತಾರ? ಎದ್ದು ಮನಿಗೆ ಹೋಗತಾರ!"

ಗದಗಿನ ಝೆರಾಕ್ಸ್ ಅಂಗಡಿಯಲ್ಲಿ ಕುಸ್ತಿ ಪಂಚ ಮೌನೇಶ, ಆಗಷ್ಟೇ ಅಚ್ಚಾದ ಜೋಡಿಗಳ ಪಟ್ಟಿ ಹಿಡಿದು, ಕಂಪ್ಯೂಟರ್ ಮುಂದೆ ಕೂತಿದ್ದ ಅಣ್ಣನ ಮಗಳು ಶಿವರಂಜನಿಯ ಮೇಲೆ ಹರಿಹಾಯ್ದ. ಝೆರಾಕ್ಸಿಗೆಂದು ಹಿಂದೆ ಸರದಿಯಲ್ಲಿ ನಿಂತಿದ್ದ ಅಂದಾನಪ್ಪ ತನ್ನ ಅವಸರ ಮರೆತು ಕಿವಿಗೊಟ್ಟ.

"ಕಾಕಾ, ನನ್ನ ಪ್ರೋಗ್ರಾಮಿನಾಗ ಒಬ್ಬೊಬ್ಬ ಪೈಲ್ವಾನ ಒಂದೊಂದು ಆಬ್ಜೆಕ್ಟ್, ಅಂದ್ರ ಹೆಸರು, ತೂಕ ಎಲ್ಲಾ ಕೂಡಿಸಿ ಕಟ್ಟಿದ ಒಂದೊಂದು ಗಂಟು. ಪ್ರೋಗ್ರಾಮು ತೂಕ ನೋಡಿ ಭಾರದವರನ್ನ ಮುಂದ ನಿಲ್ಲಿಸೈತಿ."

"ಮತ್ತ ಎಲ್ಲಾರ ಹೆಸರೂ ಹೊಸದಾಗಿ ಬರೀಬೇಕೇನು? ಸಂಜಿಗೆ ಕುಸ್ತಿ ಐತಿ!"

"ಪೈಲ್ವಾನರನ್ನ ಮುಟ್ಟೂದ ಬ್ಯಾಡ್ರಿ. ಇಬ್ಬರನ್ನ ಹೋಲಸೂ ಕಡೆ ಇವನ ಜಾಗಾಕ್ಕ ಅವನ್ನ, ಅವನ ಜಾಗಾಕ್ಕ ಇವನ್ನ ಇಟ್ರ ಆತು."

"ಮುಟ್ಟಬ್ಯಾಡವ್ವಾ, ಎತ್ತಿ ಒಗದಾರು!" ಎಂದ ಮೌನೇಶ.

ಅವಳು ನಗುತ್ತ ಕೀಲಿಗಳನ್ನು ಒತ್ತಿದಳು. ಹೊಸ ಕಾಗದದಲ್ಲಿ ಸೊರಟೂರಿನ ಸಣಕಲ ಹುಡುಗ ಮೊದಲು ಬಂದಿದ್ದ, ಮುಳಗುಂದದ ದೈತ್ಯ ಕಟ್ಟಕಡೆಗೆ.

"ಇನ್ನ ಒಬ್ಬನೂ ಏಳಂಗಿಲ್ಲ!" ಎಂದವನೇ ಮೌನೇಶ ಕಾಗದ ಹಿಡಿದು ಕಣದ ಕಡೆ ಓಡಿದ. ಅಣ್ಣನ ಮಗಳು ಅಂಗಡಿಯಲ್ಲೇ ಉಳಿದಳೆಂಬ ಖಬರಿಲ್ಲದೆ ಹೋದವನು ತಿರುಗಿ ಬರಲೇ ಇಲ್ಲ.